ಗೆಡ್ಡೆ ಸೋಂಪು

ಗೆಡ್ಡೆ ಸೋಂಪು ಅಥವಾ ಫ್ಲಾರೆನ್ಸ್ ಫೆನೆಲ್ ಏಪಿಯೇಸೀ ಕುಟುಂಬಕ್ಕೆ ಸೇರಿದ ಸೋಂಪು ಗಿಡದ (ವೈಜ್ಞಾನಿಕ ಹೆಸರು: ಫೀನಿಕ್ಯುಲಮ್ ವಲ್ಗೇರ್) ತರಕಾರಿ ಬಗೆಯಾಗಿದೆ. ಕ್ಯಾರೆಟ್, ಕೊತ್ತಂಬರಿ, ಜೀರಿಗೆ ಮತ್ತು ಸಬ್ಬಸಿಗೆ ಇದೇ ಕುಟುಂಬದ ಸಸ್ಯಗಳು. ಸೋಂಪು ಮೆಡಿಟರೇನಿಯನ್ ಪ್ರದೇಶದ ಮೂಲದ್ದು. ಗೆಡ್ಡೆ ಸೋಂಪನ್ನು ಇಟಲಿಯಲ್ಲಿ ಫಿನೊಕ್ಕಿಯೊ ಎಂದು ಕರೆಯುತ್ತಾರೆ.

ಲಕ್ಷಣಗಳು

ರೂಢಿಯಲ್ಲಿ ಗೆಡ್ಡೆ ಎಂದು ಕರೆಯುವ ಭಾಗವು ನಿಜವಾದ ಗೆಡ್ಡೆಯಲ್ಲ. ಎಲೆತೊಟ್ಟುಗಳ ಬುಡಗಳು ದಪ್ಪವಾಗಿ, ಒಂದರ ಮೇಲೊಂದು ಸುತ್ತಿಕೊಂಡು ನೆಲದ ಮೇಲ್ಭಾಗದಲ್ಲಿ ಈ ಆಕಾರವನ್ನು ಪಡೆಯುತ್ತವೆ. ಎಲೆಗಳು ಸಬ್ಬಸಿಗೆಯಂತೆ ಎಳೆಎಳೆಯಾಗಿರುತ್ತವೆ. ಹೂವುಗಳು ಹಳದಿ ಬಣ್ಣದವು. ಹೂಗೊಂಚಲು ಕೊಡೆಯ ಆಕಾರದ್ದು. ಇದರ ಸಿಹಿ ಪರಿಮಳಕ್ಕೆ ಅನೆಥೋಲ್ ಎಂಬ ಸಂಯುಕ್ತ ಮುಖ್ಯ ಕಾರಣ.

ಬೀಜ

ಬಿತ್ತಲು ಬಳಸುವ ಬೀಜವು ಸಸ್ಯಶಾಸ್ತ್ರದ ಪ್ರಕಾರ ಒಣಗಿದ ಕಾಯಿಯ ಅರ್ಧಭಾಗ. ದಿನಸಿ ಅಂಗಡಿಯ ಸೋಂಪು ಕಾಳು ಇದೇ ಜಾತಿಯದಾದರೂ ಕಾಳಿಗಾಗಿ ಬೆಳೆಸುವ ಬಗೆಯದು. ಅದನ್ನು ಬಿತ್ತಿದರೆ ಬುಡ ದಪ್ಪವಾಗುವುದಿಲ್ಲ. ಆದ್ದರಿಂದ ತರಕಾರಿ ತಳಿಯ ಬೀಜವನ್ನೇ ಆರಿಸಬೇಕು. ರೊಮನೆಸ್ಕೊ ಹಳೆಯ ಇಟಾಲಿಯನ್ ತಳಿ. ಝೆಫಾ ಫಿನೊ ಅಕಾಲದಲ್ಲಿ ಹೂಬಿಡುವುದನ್ನು ತಕ್ಕಮಟ್ಟಿಗೆ ತಡೆಯಬಲ್ಲ ತಳಿ.

ಬಿತ್ತನೆಯ ಕಾಲ

ಬುಡ ದಪ್ಪವಾಗುವ ಮೊದಲೇ ಹೂದಂಟು ಏಳುವುದು ಈ ಬೆಳೆಯ ಮುಖ್ಯ ತೊಡಕು. ದಂಟು ಎದ್ದ ಮೇಲೆ ಬುಡವು ನಾರಾಗುತ್ತದೆ ಮತ್ತು ತಿನ್ನಲು ಯೋಗ್ಯವಾಗಿ ಉಳಿಯುವುದಿಲ್ಲ. ದೀರ್ಘವಾದ ಹಗಲು, ನೀರಿನ ಕೊರತೆ, ಬೇರಿಗೆ ಪೆಟ್ಟು ಹಾಗೂ ತಾಪಮಾನದ ಏರಿಳಿತ ಇದಕ್ಕೆ ಕಾರಣಗಳು. ಈ ಕಾರಣದಿಂದ ಯೂರೋಪಿನ ಸಮಶೀತೋಷ್ಣ ಪ್ರದೇಶಗಳಲ್ಲಿ ಹಗಲು ಕುಗ್ಗತೊಡಗುವ ಜೂನ್ ಕೊನೆ ಮತ್ತು ಜುಲೈನಲ್ಲಿ ಬಿತ್ತಿ ಶರತ್ಕಾಲದಲ್ಲಿ ಕೊಯ್ಯುವುದು ಹೆಚ್ಚು ಸುರಕ್ಷಿತ. ಕರ್ನಾಟಕದಂತಹ ಉಷ್ಣವಲಯದಲ್ಲಿ ಹಗಲಿನ ಉದ್ದ ಹೆಚ್ಚು ಬದಲಾಗದು, ಬಿಸಿಲಿನ ತಾಪವೇ ದೊಡ್ಡ ಅಡ್ಡಿ. ಆದ್ದರಿಂದ ಮಳೆಗಾಲದ ಕೊನೆಯಲ್ಲಿ ಬಿತ್ತಿ ಚಳಿಗಾಲದಲ್ಲಿ ಕೊಯ್ಯುವುದು ಸೂಕ್ತ.

ಬಿತ್ತನೆ ಮತ್ತು ಆರೈಕೆ

ಬಿಸಿಲು ಬೀಳುವ, ನೀರು ನಿಲ್ಲದ, ಕಳಿತ ಗೊಬ್ಬರ ಬೆರೆಸಿದ ಪಾತಿ ಬೇಕು. ಬೀಜವನ್ನು ಸುಮಾರು 1 ಸೆಂ.ಮೀ. ಆಳದಲ್ಲಿ ಬಿತ್ತಲಾಗುತ್ತದೆ. 15ರಿಂದ 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಮೊಳಕೆ ಬರಲು 1ರಿಂದ 2 ವಾರ ಬೇಕಾಗುತ್ತದೆ. ತಾಯಿಬೇರು ನೇರವಾಗಿ ಕೆಳಗಿಳಿಯುವುದರಿಂದ ಸಸಿಯನ್ನು ಕಿತ್ತು ನೆಡುವುದು ಒಳ್ಳೆಯದಲ್ಲ. ಬಿತ್ತಿದ ಜಾಗದಲ್ಲಿಯೇ ಬೆಳೆಸಬೇಕು. ಕುಂಡದಲ್ಲಿ ಮೊಳೆಯಿಸಿದರೆ ಒಂದೊಂದು ಸಸಿಗೂ ಪ್ರತ್ಯೇಕ ಗುಳಿಯಿರಬೇಕು ಮತ್ತು ಎಳೆಯದಿರುವಾಗಲೇ ಬೇರಿನ ಮಣ್ಣುಸಹಿತ ನೆಡಬೇಕು. ಸಸಿಗಳ ನಡುವೆ 25ರಿಂದ 30 ಸೆಂ.ಮೀ. ಅಂತರ ಉಳಿಯುವಂತೆ ಹೆಚ್ಚಿನವನ್ನು ತೆಗೆದುಹಾಕಲಾಗುತ್ತದೆ.

ಮಣ್ಣು ಒಣಗದಂತೆ ಕ್ರಮವಾಗಿ ನೀರುಣಿಸಬೇಕು. ಒಣ ಎಲೆ ಅಥವಾ ಹುಲ್ಲಿನ ಹೊದಿಕೆಯಿಂದ ತೇವ ಉಳಿಯುತ್ತದೆ. ಬುಡ ದಪ್ಪವಾಗತೊಡಗಿದಾಗ ಸುತ್ತ ಮಣ್ಣೇರಿಸಿದರೆ ಅದು ಬೆಳ್ಳಗೆ, ಮೃದುವಾಗಿ ಬೆಳೆಯುತ್ತದೆ. ಬಸವನಹುಳುಗಳು ಎಳೆಯ ಸಸಿಗಳನ್ನು ತಿನ್ನುತ್ತವೆ, ಸಸ್ಯಹೇನುಗಳೂ ಕಾಣಿಸಿಕೊಳ್ಳುತ್ತವೆ.

ಕೊಯ್ಲು ಮತ್ತು ಬಳಕೆ

ಬಿತ್ತಿದ ಸುಮಾರು 3ರಿಂದ 4 ತಿಂಗಳಲ್ಲಿ, ಬುಡವು 7ರಿಂದ 10 ಸೆಂ.ಮೀ. ಅಗಲವಾದಾಗ ಕೊಯ್ಯಲಾಗುತ್ತದೆ. ನೆಲದಿಂದ ತುಸು ಮೇಲೆ ಕತ್ತರಿಸಿ ಬೇರನ್ನು ಉಳಿಸಿದರೆ ಎಳೆಯ ಚಿಗುರುಗಳು ಮತ್ತೆ ಬರುತ್ತವೆ. ತೆಳುವಾಗಿ ಹೆಚ್ಚಿ ಸಲಾಡ್‌ನಲ್ಲಿ ಹಸಿಯಾಗಿ ತಿನ್ನಬಹುದು. ಬೇಯಿಸಿದಾಗ ಪರಿಮಳ ಸೌಮ್ಯವಾಗುತ್ತದೆ. ಅಕಾಲದಲ್ಲಿ ಹೂಬಿಟ್ಟ ಗಿಡವೂ ಸಂಪೂರ್ಣ ವ್ಯರ್ಥವಲ್ಲ: ಅದರ ಎಲೆ ಮತ್ತು ಕಾಳುಗಳನ್ನು ಅಡುಗೆಯಲ್ಲಿ ಬಳಸಬಹುದು. ಆದರೆ ಸಮೀಪದಲ್ಲಿ ಬೇರೆ ಬಗೆಯ ಸೋಂಪು ಹೂಬಿಟ್ಟಿದ್ದರೆ ಪರಕೀಯ ಪರಾಗಸ್ಪರ್ಶವಾಗುವುದರಿಂದ, ಆ ಕಾಳಿನಿಂದ ಅದೇ ತಳಿಯ ಗಿಡ ಬರುವ ಭರವಸೆಯಿಲ್ಲ.