ರಂಗಾಚಾರ್ಲು ಸ್ಮಾರಕ ಪುರಭವನ, ಮೈಸೂರು

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಎಡೇಹಳ್ಳಿ ಎಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ ನರಸಿಂಹರಾಜಪುರವಾಯಿತು. ಅವರ ತಂದೆ ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ (1881-1894) ಕನ್ನಡ ನಾಟಕಕ್ಕೆ ಅರಮನೆಯ ಆಶ್ರಯ ದೊರೆಯಿತು. ರಾಜಧಾನಿಯ ಪುರಭವನವೂ ಅದೇ ಕಾಲದ್ದು.

ಪ್ರಜಾಪ್ರತಿನಿಧಿ ಸಭೆಯನ್ನು 1881ರಲ್ಲಿ ಆರಂಭಿಸಿದ ದಿವಾನ್ ಸಿ. ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ನಿಧನ ಹೊಂದಿದರು. ಅವರ ಸ್ಮಾರಕವಾಗಿ 1884ರಲ್ಲಿ ಈ ಭವನಕ್ಕೆ ಅಸ್ತಿಭಾರ ಹಾಕಲಾಯಿತು. ಆಡಳಿತಗಾರರೊಬ್ಬರ ನೆನಪಿಗೆ ನಾಟಕವಾಡುವ, ಜನ ಸೇರುವ ಸಭಾಂಗಣವನ್ನೇ ಆರಿಸಿಕೊಂಡದ್ದು ಉಲ್ಲೇಖಾರ್ಹ. ಕಟ್ಟಡವು ಎತ್ತರದ ಕಂಬಸಾಲನ್ನುಳ್ಳ ಐರೋಪ್ಯ ಶೈಲಿಯದು.

ಆ ದಶಕದಲ್ಲಿ ಮೈಸೂರಿನ ರಂಗಭೂಮಿಗೆ ಒಳ್ಳೆಯ ದೆಸೆಯಿತ್ತು. ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಯು ಅರಮನೆಯ ಪೋಷಣೆಯಲ್ಲಿ ನಡೆಯುತ್ತಿತ್ತು. ಆಸ್ಥಾನ ವಿದ್ವಾಂಸರಾದ ಬಸವಪ್ಪ ಶಾಸ್ತ್ರಿಗಳು (1843-1891) ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಎನಿಸಿದರು. ಷೇಕ್ಸ್‌ಪಿಯರನ ಒಥೆಲೋ ನಾಟಕವು ಅವರ ಲೇಖನಿಯಲ್ಲಿ 'ಶೂರಸೇನ ಚರಿತ್ರೆ'ಯಾಯಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ಮುಂದೆ ಮೈಸೂರಿನಲ್ಲಿ ನೆಲೆಸಿ, ಹ್ಯಾಮ್ಲೆಟ್‌ನ ಆಧಾರದಲ್ಲಿ 'ರಕ್ತಾಕ್ಷಿ'ಯನ್ನು ರಚಿಸಿದ್ದು ಇದೇ ಪರಂಪರೆಯ ಮುಂದುವರಿಕೆ.

ಆದರೆ ಒಬ್ಬ ಪೋಷಕನನ್ನೇ ನಂಬಿದ ಕಲೆಗೆ ಅಪಾಯ ತಪ್ಪಿದ್ದಲ್ಲ. ಮಹಾರಾಜರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ತರುವಾಯ ಟಿಕೆಟ್ಟಿನ ಹಣವನ್ನು ಅವಲಂಬಿಸಿದ ವೃತ್ತಿ ಕಂಪೆನಿಗಳು ಪ್ರಾಮುಖ್ಯ ಪಡೆದವು. ಎ. ವಿ. ವರದಾಚಾರ್ಯರ ರತ್ನಾವಳಿ ಕಂಪೆನಿಯು ಅವುಗಳಲ್ಲಿ ಪ್ರಸಿದ್ಧವಾದುದು. ಅವರು 1926ರಲ್ಲಿ ನಿಧನರಾದರು. 1934ರಲ್ಲಿ 'ಸತಿ ಸುಲೋಚನಾ' ಎಂಬ ಮೊದಲ ಕನ್ನಡ ವಾಕ್ಚಿತ್ರ ತೆರೆಕಂಡಿತು. ಅದರ ನಾಯಕ ಪಾತ್ರದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಬಂದವರು. ನಟರೂ ಪ್ರೇಕ್ಷಕರೂ ಚಿತ್ರಮಂದಿರದತ್ತ ಹೊರಳಿದರು.

ಕಾಲಾನಂತರ ನಗರದ ಆಧುನಿಕ ರಂಗಚಟುವಟಿಕೆಯು ಕಲಾಮಂದಿರದ ಕಡೆಗೆ ಸಾಗಿತು. 1989ರಲ್ಲಿ ರಂಗಾಯಣವು ಅದೇ ಆವರಣದಲ್ಲಿ ಆರಂಭವಾಯಿತು. ಪುರಭವನವು ನಾಟಕಕ್ಕಿಂತ ಹೆಚ್ಚಾಗಿ ಸಭೆ, ಸಮಾರಂಭಗಳ ಸ್ಥಳವಾಯಿತು. ಹೊರಗಿನ ಅಂಬೇಡ್ಕರ್ ಪ್ರತಿಮೆಯ ಬಳಿ ಜನರು ಅಹವಾಲುಗಳೊಂದಿಗೆ ಧರಣಿ ಕೂರುವುದುಂಟು. ಭವನವು ಮೈಸೂರು ಮಹಾನಗರ ಪಾಲಿಕೆಯ ಸುಪರ್ದಿನಲ್ಲಿದೆ. 2010ರ ದಶಕದಲ್ಲಿ ಆವರಣದಲ್ಲಿ ಕೈಗೊಂಡ ನೆಲಮಾಳಿಗೆ ವಾಹನ ನಿಲುಗಡೆ ಕಾಮಗಾರಿಯು ವರ್ಷಗಟ್ಟಲೆ ನಡೆಯಿತು.