ಕಾಲೇಜಿನ ಖರ್ಚು: ವಾರಾನ್ನದಿಂದ ಶುಲ್ಕಪಟ್ಟಿಯವರೆಗೆ

ಕನ್ನಡ ನಾಡಿನಲ್ಲಿ ಕಾಲೇಜು ಓದು ಬೇರೂರಿದ ಕಾಲಕ್ಕೆ ವಿದ್ಯಾರ್ಥಿಯ ಮುಂದಿದ್ದ ದೊಡ್ಡ ಖರ್ಚು ಬೋಧನಾ ಶುಲ್ಕಕ್ಕಿಂತ ಹೆಚ್ಚಾಗಿ ಊಟ ಮತ್ತು ವಸತಿಯದು. ಕಾಲೇಜುಗಳು ಬೆರಳೆಣಿಕೆಯಷ್ಟಿದ್ದವು, ಅವೂ ದೂರದಲ್ಲಿದ್ದವು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ ಮುಂದೆ ಸೆಂಟ್ರಲ್ ಕಾಲೇಜಾದ ಸಂಸ್ಥೆ, ಮೈಸೂರಿನ ಮಹಾರಾಜ ಕಾಲೇಜು, 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು ಇವೆಲ್ಲ ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯವರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಆ ದೂರ ತಗ್ಗಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್ ಸೀಮೆಯವರಿಗೆ ಹೈದರಾಬಾದೇ ಗತಿ. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದುವಾಗಿತ್ತು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ, ದಿವಾನ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆ ಅದರ ಬೆನ್ನಿಗಿತ್ತು. ಕಾಲೇಜು ಕಟ್ಟುವ, ಅಧ್ಯಾಪಕರಿಗೆ ಸಂಬಳ ಕೊಡುವ ಭಾರವನ್ನು ಸಂಸ್ಥಾನ ಹೊತ್ತಿತು. ಹಳ್ಳಿಯಿಂದ ಬಂದ ಹುಡುಗ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ಸಮಾಜ.

ವಾರಾನ್ನ ಮತ್ತು ಹಾಸ್ಟೆಲು

ಮೊದಲ ಉತ್ತರ ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಣ್ಣುವ ಈ ಪದ್ಧತಿಯಿಂದ ಓದಿ ಮೇಲೆ ಬಂದವರು ಅನೇಕರು. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಆ ಬದುಕಿನ ಹಸಿವು ಮತ್ತು ಅವಮಾನ ಎರಡೂ ದಾಖಲಾಗಿವೆ. ಆದರೆ ವಾರಾನ್ನಕ್ಕೆ ಜಾತಿಯ ಗಡಿ ಇತ್ತು. ಅದು ಹೆಚ್ಚಾಗಿ ಬ್ರಾಹ್ಮಣ ಮನೆಗಳು ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ನೆರವು. ಒಕ್ಕಲು ಮನೆತನದ, ಕುಶಲಕರ್ಮಿ ಕುಟುಂಬದ, ದಲಿತ ಕೇರಿಯ ಹುಡುಗನಿಗೆ ಪೇಟೆಯಲ್ಲಿ ಊಟ ಹಾಕುವ ಮನೆ ಸಿಗುವುದು ಕಷ್ಟವಿತ್ತು. ಶುಲ್ಕ ಕಟ್ಟಲು ಶಕ್ತಿಯಿದ್ದವರೂ ಈ ಕಾರಣಕ್ಕೆ ಊರಿಗೆ ಹಿಂತಿರುಗುತ್ತಿದ್ದರು.

ಈ ಕೊರತೆಯಿಂದಲೇ ಸಮುದಾಯಗಳ ಹಾಸ್ಟೆಲುಗಳು ಹುಟ್ಟಿದವು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಕೇಂದ್ರ ಸಂಘ ಸ್ಥಾಪನೆಯಾದವು. ತಮ್ಮ ಮಕ್ಕಳಿಗೆ ವಸತಿ ಮತ್ತು ವಿದ್ಯಾರ್ಥಿವೇತನ ಒದಗಿಸುವುದು ಇಂಥ ಸಂಘಗಳ ಮುಖ್ಯ ಕೆಲಸಗಳಲ್ಲಿ ಸೇರಿತ್ತು. ಉತ್ತರ ಕರ್ನಾಟಕದಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಶಿಕ್ಷಣಕ್ಕೆಂದು ಉಯಿಲು ಬರೆದಿಟ್ಟರು. ಅದರಿಂದ ಹುಟ್ಟಿದ ಟ್ರಸ್ಟಿನ ನೆರವಿನಿಂದ ಹಲವು ತಲೆಮಾರುಗಳು ಓದಿದವು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಕೆಎಲ್‌ಇ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ, ಮೈಸೂರಿನ ಸುತ್ತೂರು ಮಠಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸಿದವು. ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಿದ್ಧಗಂಗೆಯ ನಿಲಯ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಕೊಡುವ ಮಟ್ಟಕ್ಕೆ ಬೆಳೆಯಿತು. ಭಿಕ್ಷೆಗೆ ಹೋದಾಗ ಬಂದ ಧಾನ್ಯ, ಜಾತ್ರೆಯಲ್ಲಿ ಬಂದ ಕಾಣಿಕೆ, ರೈತರು ಗಾಡಿಯಲ್ಲಿ ತಂದಿಳಿಸಿದ ರಾಗಿ, ಕಾಯಿ ಇವೇ ಇಂಥ ನಿಲಯಗಳ ಬಂಡವಾಳ.

ಸರ್ಕಾರದ ನೆರವು ನಿಧಾನವಾಗಿ ವ್ಯವಸ್ಥೆಯ ರೂಪ ಪಡೆಯಿತು. ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ 1919ರಲ್ಲಿ ಕೊಟ್ಟ ವರದಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೇಳಿದ್ದರಿಂದ ಹೆಸರಾಗಿದೆ. ಆ ಹುದ್ದೆಗಳಿಗೆ ಬೇಕಾದ ಓದಿಗೆ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲು ಬೇಕೆಂಬುದನ್ನೂ ಅದು ಗುರುತಿಸಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಅವರ ಒತ್ತಾಯದ ಫಲವಾಗಿ 1944ರಲ್ಲಿ ಕೇಂದ್ರದಲ್ಲಿ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. 1948ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರ್ ಆಯೋಗದ ವರದಿ ಬಂದ ಮೇಲೆ ಹಿಂದುಳಿದ ವರ್ಗಗಳ ಮೀಸಲಾತಿ ಗಟ್ಟಿಯಾಯಿತು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲುಗಳು ತಾಲ್ಲೂಕು ಕೇಂದ್ರಗಳಿಗೂ ಬಂದವು. ಮಠ, ಸಂಘಗಳ ದಾನವಾಗಿದ್ದ ಊಟ, ವಸತಿ ಹೀಗೆ ಹಕ್ಕಿನ ಕಡೆಗೆ ಹೆಜ್ಜೆ ಹಾಕಿತು.

ಡೊನೇಷನ್ ಕಾಲ

ಸ್ವಾತಂತ್ರ್ಯದ ನಂತರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳ ಬೇಡಿಕೆ ಸರ್ಕಾರಿ ಕಾಲೇಜುಗಳ ಅಳತೆ ಮೀರಿತು. 1946ರಲ್ಲೇ ಬೆಂಗಳೂರಿನ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾಗಿದ್ದವು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಸರ್ಕಾರದ ಅನುದಾನದ ಬದಲು ವಿದ್ಯಾರ್ಥಿಗಳ ಕುಟುಂಬಗಳ ಹಣದಿಂದ ವೈದ್ಯಕೀಯ ಕಾಲೇಜು ನಡೆಸಬಹುದೆಂದು ದೇಶಕ್ಕೆ ಮೊದಲು ತೋರಿಸಿದ ಸಂಸ್ಥೆ ಅದು. ನಂತರ ಬೆಳಗಾವಿ, ಕಲಬುರಗಿ, ದಾವಣಗೆರೆಗಳಲ್ಲೂ ಖಾಸಗಿ ವೈದ್ಯಕೀಯ ಕಾಲೇಜುಗಳು ಬಂದವು. ಸರ್ಕಾರ ತಲುಪದ ಜಿಲ್ಲೆಗಳಿಗೆ ಆಸ್ಪತ್ರೆ, ಕಾಲೇಜು, ಉದ್ಯೋಗ ಸಿಕ್ಕಿದ್ದು ಈ ಮಾದರಿಯ ನಿಜವಾದ ಲಾಭ.

ಅದರ ಇನ್ನೊಂದು ಮುಖ ಎಂಬತ್ತರ ದಶಕದಲ್ಲಿ ಎದ್ದು ಕಂಡಿತು. ಖಾಸಗಿ ಕಾಲೇಜುಗಳ ಸಂಖ್ಯೆ ಒಮ್ಮೆಲೆ ಏರಿತು; ಹೊರರಾಜ್ಯಗಳಿಂದ ಹಣ ಹಿಡಿದು ಬರುವವರ ಸಾಲು ಬೆಳೆಯಿತು. ಕಾನೂನಿನ ಭಾಷೆಯಲ್ಲಿ ಕ್ಯಾಪಿಟೇಷನ್ ಶುಲ್ಕ ಎನಿಸಿಕೊಂಡ ಈ ಹಣವನ್ನು ಜನ ಕರೆದದ್ದು ಡೊನೇಷನ್ ಎಂದು. ಅದರ ಮೊತ್ತ ಕಾಲೇಜಿನ ಯಾವ ಪ್ರಕಟಣೆಯಲ್ಲೂ ಇರುತ್ತಿರಲಿಲ್ಲ. ಪರಿಚಯ, ಶಿಫಾರಸು, ಕೊನೆಯ ಗಳಿಗೆಯ ಚೌಕಾಸಿಗಳಿಂದ ಅದು ನಿರ್ಧಾರವಾಗುತ್ತಿತ್ತು. ಒಂದೇ ತರಗತಿಯ ಇಬ್ಬರು ಬೇರೆ ಬೇರೆ ಮೊತ್ತ ಕೊಟ್ಟಿರುತ್ತಿದ್ದರು. ಕೊಟ್ಟ ಹಣಕ್ಕೆ ರಸೀದಿ ಇಲ್ಲದಿದ್ದರೆ ಕೇಳಲು ದಾರಿಯೂ ಇರುತ್ತಿರಲಿಲ್ಲ.

ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, 1984ರಲ್ಲಿ, ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. ಸರ್ಕಾರ ನಿಗದಿ ಮಾಡಿದ್ದಕ್ಕಿಂತ ಹೆಚ್ಚಾಗಿ ಪಡೆದ ಹಣ ಯಾವ ಹೆಸರಿನದಾದರೂ ಕ್ಯಾಪಿಟೇಷನ್ನೇ ಎಂದು ಅದು ವ್ಯಾಖ್ಯಾನಿಸಿತು. ಆ ಕಾಯ್ದೆಯಡಿ 1989ರ ಜೂನಿನಲ್ಲಿ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ದರ ಪ್ರಕಟಿಸಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬುದು ಆ ಆದೇಶ. ಶುಲ್ಕ ಕೊನೆಗೂ ಕಾಗದದ ಮೇಲೆ ಬಂದಿತ್ತು, ಆದರೆ ಒಂದೇ ಪಾಠಕ್ಕೆ 30 ಪಟ್ಟು ಅಂತರದೊಂದಿಗೆ.

ನ್ಯಾಯಾಲಯದ ಮೆಟ್ಟಿಲು

ಈ ಆದೇಶವೇ ದೇಶದ ಶಿಕ್ಷಣ ಕಾನೂನಿನ ದಿಕ್ಕು ಬದಲಿಸಿತು. ಮೀರತ್‌ನ ಮೋಹಿನಿ ಜೈನ್ 1991ರಲ್ಲಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದರು. ಮೊದಲ ವರ್ಷದ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿ ಕೊಡಬೇಕೆಂದು ಕಾಲೇಜು ತಿಳಿಸಿತು. ಅಷ್ಟು ಹಣ ಕುಟುಂಬದಲ್ಲಿರಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರ ತೀರ್ಪಿನಲ್ಲಿ ನ್ಯಾಯಪೀಠ, ಶಿಕ್ಷಣ ಪಡೆಯುವುದು ಸಂವಿಧಾನದ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಕ್ಯಾಪಿಟೇಷನ್ ಶುಲ್ಕ ಸಮಾನತೆಗೆ ವಿರುದ್ಧವೆಂದಿತು. ತೀರ್ಪು ಮುಂದಿನ ಪ್ರವೇಶಗಳಿಗಷ್ಟೇ ಅನ್ವಯಿಸಿತು; ದಾವೆ ಹೂಡಿದ ವಿದ್ಯಾರ್ಥಿನಿಗೆ ಮಾತ್ರ ಸೀಟು ಸಿಗಲಿಲ್ಲ.

1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಿದ್ದಿತು. ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ. ಅದರಾಚೆ ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟು ಫ್ರೀ, ಇನ್ನರ್ಧ ಪೇಮೆಂಟ್. ಎರಡಕ್ಕೂ ಅರ್ಹತೆಯೇ ಆಧಾರ ಎಂಬ ಯೋಜನೆಯನ್ನು ಅದು ಕೊಟ್ಟಿತು. ಇದನ್ನು ಜಾರಿಗೆ ತರಲು ಕರ್ನಾಟಕ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭಿಸಿತು. ರಾಜ್ಯದ ಮೂಲೆಮೂಲೆಯ ಪಾಲಕರು ಮಕ್ಕಳೊಂದಿಗೆ ಬೆಂಗಳೂರಿನ ಕೌನ್ಸೆಲಿಂಗ್‌ಗೆ ಬಂದು, ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ, ಶುಲ್ಕ ಎಷ್ಟು ಎಂಬುದನ್ನು ಎಲ್ಲರೆದುರೇ ನೋಡಿ ಆಯ್ಕೆ ಮಾಡತೊಡಗಿದರು. ಕೂಲಿಕಾರರ ಮಗಳೂ ಅಧಿಕಾರಿಯ ಮಗನೂ ಒಂದೇ ರ‍್ಯಾಂಕ್ ಪಟ್ಟಿಯ ಸರದಿಯಲ್ಲಿ ನಿಂತರು. ಸೀಟಿನ ಮಾತುಕತೆ ಮುಚ್ಚಿದ ಕೋಣೆಯಿಂದ ಬಯಲಿಗೆ ಬಂದದ್ದು ಸಿಇಟಿಯ ದೊಡ್ಡ ಕೊಡುಗೆ.

ಈ ವ್ಯವಸ್ಥೆಯಲ್ಲೂ ಒಂದು ಅನ್ಯಾಯ ಅಡಗಿತ್ತು. ನಗರದ ಒಳ್ಳೆಯ ಶಾಲೆ ಮತ್ತು ಕೋಚಿಂಗ್‌ನ ಬಲವಿದ್ದ ಉಳ್ಳವರ ಮಕ್ಕಳಿಗೆ ಫ್ರೀ ಸೀಟು ಹೆಚ್ಚು ದಕ್ಕಿತು. ಅವರ ಓದಿನ ಖರ್ಚನ್ನೂ ಪೇಮೆಂಟ್ ಸೀಟಿನವರು ತುಂಬಬೇಕಾಯಿತು. ಟಿ.ಎಂ.ಎ. ಪೈ ಫೌಂಡೇಷನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ಈ ದೋಷವನ್ನೂ ಎತ್ತಿ ತೋರಿಸಿ ಹಳೆಯ ಯೋಜನೆಯನ್ನು ತಳ್ಳಿಹಾಕಿತು. ಅನುದಾನರಹಿತ ಸಂಸ್ಥೆಗಳು ತಮ್ಮ ಶುಲ್ಕ ತಾವೇ ಗೊತ್ತುಮಾಡಬಹುದು. ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಸರಿ, ಆದರೆ ಲಾಭಕೋರತನವೂ ಕ್ಯಾಪಿಟೇಷನ್ನೂ ಸಲ್ಲದು ಎಂಬುದು ಅದರ ಸಾರ. 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು ಪ್ರತಿ ರಾಜ್ಯದಲ್ಲೂ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ನೇತೃತ್ವದಲ್ಲಿ ಪ್ರವೇಶಕ್ಕೊಂದು, ಶುಲ್ಕಕ್ಕೊಂದು ಸಮಿತಿ ಇರಬೇಕೆಂದಿತು. 2005ರ ಇನಾಂದಾರ್ ತೀರ್ಪು ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರಿ ಕೋಟಾ ಹೇರಲಾಗದು ಎಂದಿತು. ಆ ಬಳಿಕ ಕರ್ನಾಟಕ ಒಪ್ಪಂದದ ಹಾದಿ ಹಿಡಿಯಿತು. ಸರ್ಕಾರ ಮತ್ತು ಖಾಸಗಿ ಆಡಳಿತ ಮಂಡಳಿಗಳು ಕುಳಿತು ಸೀಟು ಹಂಚಿಕೆ ಮತ್ತು ಶುಲ್ಕ ಗೊತ್ತುಮಾಡುವುದು ರೂಢಿಯಾಯಿತು. ಸರ್ಕಾರಿ ಕೋಟಾ, ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಎಂಬ ಮೂರು ಬಾಗಿಲುಗಳು, ಮೂರು ದರಗಳು ಅಲ್ಲಿಂದ ಬಂದವು.

ಸಾಲದ ಕಾಲ

ಶುಲ್ಕ ಏರಿದಂತೆ ಮಠದ ಪ್ರಸಾದವೂ ಸರ್ಕಾರದ ವಿದ್ಯಾರ್ಥಿವೇತನವೂ ಮುಟ್ಟಲಾಗದ ಅಂತರ ಉಳಿಯಿತು. ಅದನ್ನು ತುಂಬಲು ಬಂದದ್ದು ಬ್ಯಾಂಕ್ ಸಾಲ. ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್.ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ಶಿಫಾರಸಿನ ಮೇಲೆ 2001ರಲ್ಲಿ ದೇಶದ ಬ್ಯಾಂಕುಗಳಿಗೆ ಮಾದರಿ ಶಿಕ್ಷಣ ಸಾಲ ಯೋಜನೆ ಸಿಕ್ಕಿತು. ಓದು ಮುಗಿದ ಮೇಲೆ ಮರುಪಾವತಿ, ಸಣ್ಣ ಮೊತ್ತಕ್ಕೆ ಆಸ್ತಿಯ ಅಡಮಾನ ಬೇಡ ಎಂಬುದು ಅದರ ಮುಖ್ಯ ಗುಣ. 2009ರಲ್ಲಿ, ವರ್ಷಕ್ಕೆ 4.5 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಭರಿಸುವ ಯೋಜನೆ ಬಂತು. 2015ರಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಪೋರ್ಟಲ್ ಆರಂಭವಾಯಿತು. ರಾಜ್ಯ ಸರ್ಕಾರ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ, 2021ರಿಂದ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನ ಕೊಟ್ಟಿತು.

ವಿದ್ಯಾರ್ಥಿವೇತನ ಮತ್ತು ಸಾಲದ ನಡುವಿನ ವ್ಯತ್ಯಾಸ ದೊಡ್ಡದು. ವಿದ್ಯಾರ್ಥಿವೇತನ ಪಡೆದವನು ಕೆಲಸ ಸಿಗದಿದ್ದರೂ ಯಾರಿಗೂ ಬಾಕಿಯಿಲ್ಲ. ಸಾಲ ಪಡೆದವನು ಓದು ಮುಗಿಯುವ ಮೊದಲೇ ಮುಂದಿನ ಹಲವು ವರ್ಷಗಳ ಸಂಬಳವನ್ನು ಒತ್ತೆಯಿಟ್ಟಿರುತ್ತಾನೆ. ಆದ್ದರಿಂದ ಸಾಲದ ಕಾಲದಲ್ಲಿ ಕಾಲೇಜಿನ ಬಗ್ಗೆ ಮೊದಲೇ ಸರಿಯಾದ ಮಾಹಿತಿ ಸಿಗುವುದು ಹಿಂದೆಂದಿಗಿಂತ ಮುಖ್ಯವಾಯಿತು.

ತಿಳಿಯುವ ಹಕ್ಕು

ಮಾಹಿತಿ ಮರೆಮಾಚಿದರೆ ಏನಾಗುತ್ತದೆ ಎಂಬುದಕ್ಕೆ ಪಾಟ್ನಾದ ದಂತ ವೈದ್ಯಕೀಯ ಕಾಲೇಜೊಂದರ ಪ್ರಕರಣ ಸಾಕ್ಷಿ. ವಿಶ್ವವಿದ್ಯಾಲಯದ ಸಂಯೋಜನೆಯೂ ದಂತ ವೈದ್ಯಕೀಯ ಪರಿಷತ್ತಿನ ಮಾನ್ಯತೆಯೂ ಇದೆಯೆಂದು ಜಾಹೀರಾತು ಕೊಟ್ಟು ಅದು ತೊಂಬತ್ತರ ದಶಕದ ಆರಂಭದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತ್ತು, ಎರಡೂ ಇರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಆ ವಿದ್ಯಾರ್ಥಿಗಳನ್ನು ಗ್ರಾಹಕರೆಂದು ಒಪ್ಪಿ ಪರಿಹಾರ ಎತ್ತಿಹಿಡಿಯಿತು. ಆದರೆ ಅದೇ ಹೊತ್ತಿಗೆ, ಪರೀಕ್ಷೆ ಮತ್ತು ಪದವಿಗೆ ಸಂಬಂಧಿಸಿದ ಬೇರೆ ಪ್ರಕರಣಗಳಲ್ಲಿ, ಶಿಕ್ಷಣ ಸರಕಲ್ಲ, ವಿಶ್ವವಿದ್ಯಾಲಯ ಸೇವೆ ಮಾರುವ ಸಂಸ್ಥೆಯಲ್ಲ ಎಂಬ ತೀರ್ಪುಗಳೂ ಬಂದವು. 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಶಿಕ್ಷಣ ಸಂಸ್ಥೆಗಳ ಬೋಧನೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದಿತು. ಹೀಗಾಗಿ ವಿದ್ಯಾರ್ಥಿಯ ರಕ್ಷಣೆಗೆ ಗ್ರಾಹಕ ವೇದಿಕೆಗಿಂತ ಶಿಕ್ಷಣ ನಿಯಂತ್ರಕರ ನಿಯಮಗಳೇ ಹೆಚ್ಚು ಆಧಾರ.

ಆ ನಿಯಮಗಳು ಒಂದೊಂದಾಗಿ ಬಂದವು. 2005ರ ಮಾಹಿತಿ ಹಕ್ಕು ಕಾಯ್ದೆ ಸರ್ಕಾರಿ ಸಂಸ್ಥೆಗಳು ಯಾರೂ ಕೇಳುವ ಮುನ್ನವೇ ಮಾಹಿತಿ ಪ್ರಕಟಿಸಬೇಕೆಂದಿತು. ತಾಂತ್ರಿಕ ಕಾಲೇಜುಗಳು ಶುಲ್ಕ, ಅಧ್ಯಾಪಕರು, ಸೌಲಭ್ಯಗಳ ವಿವರವನ್ನು ಕಡ್ಡಾಯವಾಗಿ ಬಹಿರಂಗಪಡಿಸಬೇಕೆಂದು ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ವಿಧಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಾವಳಿ, ಪ್ರವೇಶ ಆರಂಭವಾಗುವುದಕ್ಕೆ 60 ದಿನ ಮೊದಲೇ ವಿವರಣಾ ಪುಸ್ತಕ ಹೊರಬರಬೇಕೆಂದಿತು. ಅದರಲ್ಲಿ ಸೀಟುಗಳ ಸಂಖ್ಯೆ, ಅರ್ಹತೆ, ಪ್ರತಿಯೊಂದು ಶುಲ್ಕದ ವಿವರ ಇರಬೇಕಿತ್ತು. ವಿದ್ಯಾರ್ಥಿಯ ಮೂಲ ಮಾರ್ಕ್ಸ್ ಕಾರ್ಡನ್ನು ಒತ್ತೆಯಂತೆ ಇಟ್ಟುಕೊಳ್ಳುವುದನ್ನೂ ಯುಜಿಸಿ ನಿಷೇಧಿಸಿತು. 2018ರ ಅಧಿಸೂಚನೆ ಸೀಟು ಬಿಟ್ಟವರಿಗೆ ಹಣ ಹಿಂತಿರುಗಿಸುವ ಪ್ರಮಾಣ ಗೊತ್ತುಮಾಡಿತು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಪೂರ್ತಿ, ಅದಕ್ಕಿಂತ ಕಡಿಮೆ ದಿನ ಉಳಿದಿದ್ದರೆ ಶೇ. 90, ಕೊನೆಯ ದಿನದ ನಂತರದ 15 ದಿನಗಳಲ್ಲಿ ಶೇ. 80, 30 ದಿನಗಳೊಳಗೆ ಶೇ. 50, ಆಮೇಲೆ ಏನೂ ಇಲ್ಲ ಎಂಬುದು ಆ ಪ್ರಮಾಣವಾಗಿತ್ತು. ಪೂರ್ತಿ ಹಿಂತಿರುಗಿಸುವಾಗ ಕಚೇರಿ ಖರ್ಚೆಂದು ಹಿಡಿಯಬಹುದಾಗಿದ್ದುದು ಹೆಚ್ಚೆಂದರೆ 5,000 ರೂಪಾಯಿ.

ಇವನ್ನೆಲ್ಲ ಒಂದೇ ಕಾಯ್ದೆಯಲ್ಲಿ ಕೂಡಿಸಿ, ಸುಳ್ಳು ಜಾಹೀರಾತು ಮತ್ತು ಕ್ಯಾಪಿಟೇಷನ್ನಿಗೆ ದೇಶಾದ್ಯಂತ ಶಿಕ್ಷೆ ವಿಧಿಸಲು 2010ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಅಂಗೀಕಾರವಾಗದೆ 2014ರಲ್ಲಿ ಲೋಕಸಭೆಯೊಂದಿಗೇ ಬಿದ್ದುಹೋಯಿತು. ಆದ್ದರಿಂದ ವಿದ್ಯಾರ್ಥಿಯ ಹಕ್ಕುಗಳು ರಾಜ್ಯದ ಕಾಯ್ದೆ, ಶುಲ್ಕ ಸಮಿತಿಯ ಆದೇಶ, ಯುಜಿಸಿ ಮತ್ತು ಎಐಸಿಟಿಇ ನಿಯಮಗಳಲ್ಲಿ ಚದುರಿಕೊಂಡಿವೆ. ಪ್ರವೇಶಕ್ಕೆ ಮುನ್ನ ಕುಟುಂಬ ನೋಡಬೇಕಾದ ಕಾಗದಗಳು ಆ ವರ್ಷದ ಸರ್ಕಾರಿ ಶುಲ್ಕ ಆದೇಶ, ಕಾಲೇಜಿನ ಮಾನ್ಯತೆ ಮತ್ತು ಸಂಯೋಜನೆಯ ಪತ್ರ, ಹಾಸ್ಟೆಲ್ ಹಾಗೂ ಠೇವಣಿ ಸೇರಿದ ಪೂರ್ತಿ ಶುಲ್ಕಪಟ್ಟಿ, ಹಣ ವಾಪಸಾತಿಯ ನಿಯಮ, ತನಗೆ ಅನ್ವಯಿಸುವ ವಿದ್ಯಾರ್ಥಿವೇತನದ ಆದಾಯ ಮಿತಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯುವುದು ಇವುಗಳಷ್ಟೇ ಅಗತ್ಯ, ಏಕೆಂದರೆ ವಾಪಸಾತಿಯ ಹಕ್ಕಾಗಲಿ ಕ್ಯಾಪಿಟೇಷನ್ ನಿಷೇಧವಾಗಲಿ ದಾಖಲೆ ಇದ್ದವರ ಕೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ.