ಕೋಳಿಗೂಡಿನ ಹಾಸು

ಹಿತ್ತಲಲ್ಲಿ ಸಾಕುವ ಕೋಳಿಗಳ ಗೂಡಿನ ನೆಲಕ್ಕೆ ಹರಡುವ ಒಣ ಪದಾರ್ಥವೇ ಹಾಸು. ಕೋಳಿ ಫಾರಂಗಳಲ್ಲಿ ಇದನ್ನು ಲಿಟರ್ ಎನ್ನುತ್ತಾರೆ. ಹಿಕ್ಕೆಯ ತೇವವನ್ನು ಹೀರಿ ಗಾಳಿಗೆ ಬಿಟ್ಟುಕೊಡುವುದು, ಕೋಳಿಯ ಪಾದಕ್ಕೂ ಎದೆಮೂಳೆಗೂ ಮೆತ್ತಗಿರುವುದು, ಚಳಿಯಲ್ಲಿ ನೆಲದ ತಂಪು ಮೇಲೇರದಂತೆ ತಡೆಯುವುದು, ಕೊನೆಗೆ ಗೊಬ್ಬರವಾಗುವುದು ಇದರ ಕೆಲಸ. ನೀರನ್ನು ಎಷ್ಟು ಹೀರುತ್ತದೆ ಎನ್ನುವುದಕ್ಕಿಂತ ಹೀರಿದ್ದನ್ನು ಎಷ್ಟು ಬೇಗ ಆರಿಸಿಕೊಳ್ಳುತ್ತದೆ ಎಂಬುದೇ ಒಳ್ಳೆಯ ಹಾಸಿನ ಮುಖ್ಯ ಗುಣ.

ಚಿನಕುರಳಿ ಸೀಮೆಯಲ್ಲಿ

ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಮತ್ತು ಅದರ ಆಸುಪಾಸಿನ ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ನಾಲೆ ಬಯಲೂ ಇದೆ, ಬೆದ್ದಲೂ ಇದೆ. ನೀರಾವರಿ ಕಡೆ ಭತ್ತ, ಕಬ್ಬು. ಬೆದ್ದಲಲ್ಲಿ ರಾಗಿ, ಹುರುಳಿ. ಎರಡು ಕಡೆಯೂ ತೆಂಗು. ಹಾಸಿಗೆ ಬೇಕಾದ ಸರಕು ಈ ಬೆಳೆಗಳಿಂದಲೇ ಸಿಗುತ್ತದೆ.

ನಾಲ್ಕೈದು ನಾಟಿ ಕೋಳಿ ಸಾಕುವ ಮನೆಗಳಲ್ಲಿ ಹಿಂದಿನಿಂದಲೂ ಹಾಸಿನ ರೂಢಿ ಇಲ್ಲ. ಹಗಲೆಲ್ಲ ಹೊರಗೆ ಮೇಯುವ ಕೋಳಿಗಳನ್ನು ಸಂಜೆ ಮಂಕರಿ ಕವುಚಿಯೋ ಪಂಜರಕ್ಕೆ ಸೇರಿಸಿಯೋ ಕೂಡಿಹಾಕಿ, ಬೆಳಿಗ್ಗೆ ಬಿಟ್ಟ ಮೇಲೆ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿದರೆ ಮುಗಿಯಿತು. ಕಾವಿಗೆ ಕೂರುವ ಹೇಟೆಗೆ ಮಾತ್ರ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೊಡುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಹೊರತಂದ ಗಿರಿರಾಜದಂಥ ಹಿತ್ತಲ ತಳಿಗಳು ಬಂದ ಮೇಲೆ ಹತ್ತು ಇಪ್ಪತ್ತು ಕೋಳಿಗಳನ್ನು ಒಂದೇ ಗೂಡಿನಲ್ಲಿ ಕೂಡುವುದು ಹೆಚ್ಚಿತು. ಮೈತೂಕ ಹೆಚ್ಚಿರುವ ಈ ಕೋಳಿಗಳು ಗಟ್ಟಿ ನೆಲದ ಮೇಲೇ ಇದ್ದರೆ ಪಾದದಲ್ಲಿ ಹುಣ್ಣಾಗುತ್ತದೆ. ಇಂಥ ಗೂಡಿಗೆ ಹಾಸು ಅಗತ್ಯ.

ಭತ್ತದ ಹೊಟ್ಟು

ಈ ಸೀಮೆಗೆ ಮೊದಲ ಆಯ್ಕೆ ಭತ್ತದ ಹೊಟ್ಟು. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟೇ ಇರುತ್ತದೆ. ಹೊಟ್ಟಿನ ತೂಕದಲ್ಲಿ ಶೇ 15ರಿಂದ 20ರಷ್ಟು ಸಿಲಿಕಾ ಇರುವುದರಿಂದ ಅದು ಬೇಗ ಕೊಳೆಯುವುದಿಲ್ಲ, ಮುದ್ದೆ ಕಟ್ಟುವುದೂ ಕಡಿಮೆ. ಮರದ ಹೊಟ್ಟಿನಷ್ಟು ನೀರು ಹೀರದಿದ್ದರೂ ಸಿಪ್ಪೆಗಳ ನಡುವೆ ಗಾಳಿ ಆಡುವುದರಿಂದ ಬೇಗ ಆರುತ್ತದೆ.

ಎಲ್ಲ ಗಿರಣಿಯ ಹೊಟ್ಟೂ ಒಂದೇ ಅಲ್ಲ. ಹಳೆಯ ಹಲ್ಲರ್ ಗಿರಣಿಯಲ್ಲಿ ಹೊಟ್ಟು ನುರಿದು ತೌಡು, ನುಚ್ಚಿನೊಂದಿಗೆ ಬೆರೆತು ಬೀಳುತ್ತದೆ. ಅದು ಮುಟ್ಟಿದರೆ ಹಿಟ್ಟುಹಿಟ್ಟಾಗಿರುತ್ತದೆ. ತೌಡಿನ ಎಣ್ಣೆಯಂಶಕ್ಕೆ ಹುಳು ಬೀಳುತ್ತದೆ, ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ರಬ್ಬರ್ ರೋಲ್ ಇರುವ ಗಿರಣಿಯಲ್ಲಿ ಸಿಪ್ಪೆ ಎರಡು ಹೋಳಾಗಿ, ದೋಣಿಯಾಕಾರದಲ್ಲಿ ಇಡಿಯಾಗಿ ಬರುತ್ತದೆ. ಹಾಸಿಗೆ ಬೇಕಾದದ್ದು ಈ ಹೊಟ್ಟು. ಅಂಗೈಯಲ್ಲಿ ಒಂದು ಹಿಡಿ ಹೊಟ್ಟು ತೆಗೆದುಕೊಂಡು ಊದಿದಾಗ ಸಿಪ್ಪೆ ಹಾರಿ ಕೈಯಲ್ಲಿ ಪುಡಿ ಉಳಿದರೆ ಅದು ತೌಡು ಬೆರೆತ ಮಾಲು ಎಂದು ತಿಳಿಯಬಹುದು.

ಹತ್ತು ಕೋಳಿಗೆ ತಲಾ ಎರಡು ಚದರಡಿಯಂತೆ 20 ಚದರಡಿ ನೆಲಕ್ಕೆ ಮೂರು ಅಂಗುಲ ದಪ್ಪ ಹರಡಲು ಸುಮಾರು 15 ಕೆ.ಜಿ. ಹೊಟ್ಟು ಸಾಕು. 75 ಕೆ.ಜಿ.ಯ ಒಂದು ಮೂಟೆ ಭತ್ತವನ್ನು ಗಿರಣಿಯಲ್ಲಿ ಅಕ್ಕಿ ಮಾಡಿಸಿದರೆ ಹೆಚ್ಚುಕಡಿಮೆ ಇಷ್ಟೇ ಹೊಟ್ಟು ಬರುತ್ತದೆ. ಮಳೆಗಾಲದ ಬೆಳೆ ಕಟಾವಾಗಿ ಗಿರಣಿಗಳಲ್ಲಿ ಕೆಲಸ ಜೋರಾಗಿರುವಾಗಲೇ ಮುಂದಿನ ಮಳೆಗಾಲಕ್ಕೆ ಬೇಕಾದಷ್ಟನ್ನು ಚೀಲಕ್ಕೆ ತುಂಬಿ, ನೆಲ ಸೋಕದಂತೆ ಕಲ್ಲಿನ ಮೇಲೆ ಎತ್ತಿಡುವುದು ಒಳ್ಳೆಯದು.

ಇತರ ಪದಾರ್ಥಗಳು

ಕಬ್ಬಿನ ತರಗು ಹೊಲದಲ್ಲೇ ಸಿಗುತ್ತದೆ. ಉದ್ದುದ್ದನೆಯ ಗರಿ ಹಿಕ್ಕೆಯ ಜೊತೆ ಸೇರಿ ಚಾಪೆಯಂತೆ ಹೆಪ್ಪುಗಟ್ಟುವುದರಿಂದ ಒಂದೆರಡು ಅಂಗುಲಕ್ಕೆ ಕತ್ತರಿಸಿ, ಹೊಟ್ಟಿನೊಂದಿಗೆ ಬೆರೆಸಿ ಬಳಸಬೇಕು. ಆಲೆಮನೆಯ ಕಬ್ಬಿನ ಸಿಪ್ಪೆ ತುಂಬ ನೀರು ಹೀರುತ್ತದೆ. ಆದರೆ ಅದರಲ್ಲಿ ಉಳಿದ ಸಕ್ಕರೆಯಂಶ ಹುಳಿಯುತ್ತದೆ, ಬೂಷ್ಟಿಗೆ ದಾರಿಯಾಗುತ್ತದೆ. ಚೆನ್ನಾಗಿ ಒಣಗಿದ, ಪುಡಿಯಾದ ಸಿಪ್ಪೆ ಮಾತ್ರ ಆಗಬಹುದು.

ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಗಿಡಕ್ಕೆ ಒಳ್ಳೆಯದಾದ ಈ ಗುಣ ಗೂಡಿಗೆ ತೊಡಕು: ಮಳೆಗಾಲದಲ್ಲಿ ಅದು ಆರುವುದೇ ಇಲ್ಲ, ಬೇಸಿಗೆಯಲ್ಲಿ ದೂಳೇಳುತ್ತದೆ. ಹೊಟ್ಟಿನೊಂದಿಗೆ ಸ್ವಲ್ಪ ಬೆರೆಸಿದರೆ ಅನುಕೂಲ.

ಬಡಗಿಯ ಉಜ್ಜುಗೊರಡಿನಿಂದ ಬೀಳುವ ಸುರುಳಿ ಹೊಟ್ಟು ಉತ್ತಮ ಹಾಸು. ಅಮೆರಿಕದಲ್ಲಿ ಪೈನ್ ಮರದ ಇಂಥ ಹೊಟ್ಟೇ ಹೆಚ್ಚು ಬಳಕೆಯಲ್ಲಿದೆ. ಅಲ್ಲಿಯೂ ಅರ್ಕನ್ಸಾದಂಥ ಭತ್ತದ ನಾಡುಗಳಲ್ಲಿ ಭತ್ತದ ಹೊಟ್ಟನ್ನು ಹಾಸುತ್ತಾರೆ. ಸಾಮಿಲ್‌ನ ನುಣ್ಣನೆಯ ಪುಡಿಯನ್ನು ಮರಿಗಳು ಮೇವೆಂದು ತಿಂದುಬಿಡುತ್ತವೆ. ಪ್ಲೈವುಡ್, ಪಾಲಿಶ್ ಅಥವಾ ಔಷಧಿ ಹೊಡೆದ ಮರದ ಪುಡಿಯನ್ನು ಬಳಸಲೇಬಾರದು.

ಕಡಲೆಕಾಯಿ ಸಿಪ್ಪೆ ಒಣಗಿದ್ದರೆ ಆಗಬಹುದು, ಕಪ್ಪಾಗಿದ್ದರೆ ಬೇಡ. ರಾಗಿ ಹುಲ್ಲು ದನದ ಮೇವಾದ್ದರಿಂದ ಮೊಟ್ಟೆ ಇಡುವ ಬುಟ್ಟಿಗೆ ಮಾತ್ರ ಮೀಸಲಿಡುವುದು ವಾಸಿ. ಬೂಷ್ಟು ಹಿಡಿದ ಯಾವುದೇ ಹುಲ್ಲು, ಹೊಟ್ಟು ಮರಿಗಳಿಗೆ ಶ್ವಾಸಕೋಶದ ಶಿಲೀಂಧ್ರ ರೋಗ ತರುತ್ತದೆ. ಒಲೆಯ ಬೂದಿ ಹಾಸಲ್ಲ. ಒಂದು ಮೂಲೆಯಲ್ಲಿ ಮಣ್ಣಿನೊಂದಿಗೆ ಬೆರೆಸಿಟ್ಟರೆ ಕೋಳಿಗಳು ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ತೇವ, ನಾತ, ರೋಗ

ಹಾಸಿನ ತೇವಾಂಶ ಶೇ 20ರಿಂದ 25ರಷ್ಟಿರಬೇಕು. ಒಂದು ಹಿಡಿ ಹಾಸನ್ನು ಹಿಂಡಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು. ಸ್ವಲ್ಪ ಅಂಟಿಕೊಂಡು ಮೆಲ್ಲಗೆ ಬಿರಿದರೆ ಸರಿ. ಅಂಟದೆ ದೂಳೆದ್ದರೆ ತೀರ ಒಣಗಿದೆ. ತೇವ ಹೆಚ್ಚಿದಲ್ಲಿ ಹಿಕ್ಕೆಯಿಂದ ಅಮೋನಿಯಾ ಹೊಮ್ಮುತ್ತದೆ. ಗಾಳಿಯಲ್ಲಿ ಅದು 25 ಪಿ.ಪಿ.ಎಂ. ಮೀರಿದರೆ ಕೋಳಿಯ ಕಣ್ಣಿಗೂ ಉಸಿರಾಟಕ್ಕೂ ಹಾನಿ. ನಿಂತವರಿಗಿಂತ ನೆಲದ ಸಮೀಪವಿರುವ ಕೋಳಿಗೇ ಇದು ಮೊದಲು ತಟ್ಟುವುದರಿಂದ ಬೆಳಿಗ್ಗೆ ಗೂಡು ತೆಗೆದ ಕೂಡಲೇ ಕುಕ್ಕರುಗಾಲಲ್ಲಿ ಕೂತು ವಾಸನೆ ನೋಡಬೇಕು.

ಬೆಚ್ಚನೆಯ ಒದ್ದೆ ಹಾಸಿನಲ್ಲಿ ಕಾಕ್ಸಿಡಿಯಾ ರೋಗಾಣುವಿನ ಕೋಶಗಳು ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಮರಿಗಳಲ್ಲಿ ರಕ್ತಭೇದಿ ಕಾಣಿಸುವುದು ಹೀಗೆ. ಈ ಸೀಮೆಯಲ್ಲಿ ಮಳೆ ಜೋರಾಗಿರುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ವಿಶೇಷ ಎಚ್ಚರ ಬೇಕು. ನಾಲೆ ಬಯಲಿನ ಮಣ್ಣು ನೆಲದಲ್ಲಿ ಶೀತ ಮೇಲೇರುವುದರಿಂದ ಗೂಡಿನ ನೆಲವನ್ನು ಒಂದಡಿ ಎತ್ತರಿಸಿ ಚಪ್ಪಡಿ ಹಾಕುವುದು ಲೇಸು.

ನಿರ್ವಹಣೆ

ಆರಂಭದಲ್ಲಿ ಎರಡು ಮೂರು ಅಂಗುಲ ಹರಡಿ, ಮೇಲೆ ಹೊಸ ಹೊಟ್ಟು ಸೇರಿಸುತ್ತಾ ತಿಂಗಳುಗಟ್ಟಲೆ ಅದನ್ನೇ ಬಳಸುವ ಕ್ರಮಕ್ಕೆ ಡೀಪ್ ಲಿಟರ್ ಎನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಓಹಾಯೊ ಕೃಷಿ ಪ್ರಯೋಗ ಕೇಂದ್ರದಲ್ಲಿ ಇದರ ಅಧ್ಯಯನ ನಡೆಯಿತು. ವಾರಕ್ಕೆ ಒಂದೆರಡು ಬಾರಿ ಕೆದಕಬೇಕು; ಹಿಡಿ ರಾಗಿ ಚೆಲ್ಲಿದರೆ ಆ ಕೆಲಸದ ಬಹುಪಾಲನ್ನು ಕೋಳಿಗಳೇ ಮಾಡುತ್ತವೆ. ಕೂರುವ ಕೋಲಿನ ಕೆಳಗೆ, ನೀರಿನ ಬಾನಿಯ ಸುತ್ತ ಹೆಪ್ಪುಗಟ್ಟಿದ್ದನ್ನು ಅಂದಂದೇ ತೆಗೆಯಬೇಕು. ಬಾನಿಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟರೆ ನೀರು ಚೆಲ್ಲುವುದು ತಗ್ಗುತ್ತದೆ.

ಸುಣ್ಣದ ಪುಡಿ ಹಾಸನ್ನು ಒಣಗಿಸುತ್ತದೆ. ಆದರೆ ಈಗಾಗಲೇ ನಾತ ಹೊಡೆಯುತ್ತಿರುವ ಹಾಸಿಗೆ ಸುಣ್ಣ ಬೆರೆಸಿದರೆ ಕ್ಷಾರ ಹೆಚ್ಚಿ ಅಮೋನಿಯಾ ಮತ್ತಷ್ಟು ಹೊಮ್ಮುತ್ತದೆ. ಅಂಥಲ್ಲಿ ಒದ್ದೆ ಭಾಗ ತೆಗೆದು ಒಣ ಹೊಟ್ಟು ಹಾಕುವುದೇ ಪರಿಹಾರ. ಎಳೆ ಮರಿಗಳಿಗೆ ಮೊದಲ ಮೂರು ನಾಲ್ಕು ದಿನ ಹೊಟ್ಟಿನ ಮೇಲೆ ಕಾಗದ ಹಾಸುತ್ತಾರೆ. ನುಣುಪು ಕಾಗದದಲ್ಲಿ ಕಾಲು ಜಾರಿ ಸೊಟ್ಟಗಾಗುವುದರಿಂದ ಮುದುರಿ ಬಿಡಿಸಿದ ಹಾಳೆ ಹಾಕಬೇಕು. ರೋಗ ಬಂದು ಹೋದ ಗೂಡಿನ ಹಾಸನ್ನು ಮತ್ತೆ ಬಳಸುವಂತಿಲ್ಲ.

ಗೊಬ್ಬರವಾಗಿ

ಪಕ್ವವಾದ ಡೀಪ್ ಲಿಟರ್‌ನಲ್ಲಿ ಸುಮಾರು ಶೇ 3ರಷ್ಟು ಸಾರಜನಕ, ಶೇ 2ರಷ್ಟು ರಂಜಕ, ಶೇ 2ರಷ್ಟು ಪೊಟ್ಯಾಷ್ ಇರುತ್ತದೆ. ಇದು ಕೊಟ್ಟಿಗೆ ಗೊಬ್ಬರಕ್ಕಿಂತ ಹಲವು ಪಟ್ಟು ಸಾರವುಳ್ಳದ್ದು. ಹಸಿಯಾಗಿ ಹಾಕಿದರೆ ಗಿಡದ ಬೇರು ಸುಡುತ್ತದೆ. ಭತ್ತದ ಹೊಟ್ಟು ಕೊಳೆಯುವುದೂ ನಿಧಾನ. ಆದ್ದರಿಂದ ಸಗಣಿಯೊಂದಿಗೆ ತಿಪ್ಪೆಯಲ್ಲಿ ಕೆಲವು ತಿಂಗಳು ಮಾಗಿಸಿ, ಆಮೇಲೆ ತೆಂಗಿನ ಪಾತಿಗೋ ರಾಗಿ ಹೊಲಕ್ಕೋ ಹಾಕಬೇಕು.